ಕಟಕಟ ಎನ್ನುವ ಕುಕ್ಕೀಸ್

ಈ ಸಲದ ಕ್ರಿಸ್‌ಮಸ್ಸನ್ನು ಭದ್ರಾವತಿಯ ನ್ಯೂಟೌನಿನ ಜನ ಜನ್ಮದಲ್ಲಿ ಮರೆಯಬಾರದು, ಹಾಗೆ ಮಾಡಿಬಿಡುತ್ತೇನೆ ಎಂದು ನಾನು ಶಪಥ ಮಾಡಿದ್ದೆ. ಶಪಥ ಈಡೇರಿತು! ಫಿಲೋಮಿನಾ ಟೀಚರ್ ಮನೆಯ ಆಸುಪಾಸಿನವರು ಈಗಲೂ ನನ್ನನ್ನು ಕಂಡರೆ ಮರ್ಯಾದೆಯಿಂದ ನಮಸ್ಕಾರ ಹೇಳಿ, ಒಳಗೆ ಹೋಗಿ, ಮನಸಾರೆ ನಕ್ಕು, ಮತ್ತೆ ಹೊರಗೆ ಬಂದು ಕ್ಷೇಮ ವಿಚಾರಿಸುತ್ತಾರೆ. ಆ ದಿನ ನೆನಪಾದರೆ ನನ್ನ ಕಿವಿ ಇವತ್ತಿಗೂ ಬಿಸಿಯಾಗುತ್ತದೆ. ಆದರೂ ಹೇಳುತ್ತೇನೆ. ನನ್ನ ಹೆಂಡತಿಯ ಬಾಯಿಂದ ನೀವು ಇದನ್ನು ಕೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ಅವಳು ಹೇಳುವಾಗ ಅಭಿನಯವನ್ನೂ ಮಾಡುತ್ತಾಳೆ.

ಫಿಲೋಮಿನಾ ಟೀಚರ್ ನನ್ನ ಹೆಂಡತಿ ಯಶೋಧರಾಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಈಗ ನಿವೃತ್ತರು. ಪ್ರತಿ ಕ್ರಿಸ್‌ಮಸ್‌ಗೆ ಅವರ ಮನೆಯಿಂದ ಶಿವಮೊಗ್ಗದ ನವುಲೆಯಲ್ಲಿರುವ ನಮ್ಮ ಮನೆಗೆ ಒಂದು ದೊಡ್ಡ ಸ್ಟೀಲ್ ಡಬ್ಬ ಬರುತ್ತದೆ. ಅದರ ತುಂಬ ಪ್ಲಮ್ ಕೇಕು, ಅಚ್ಚುಮುರುಕು, ಏನೇನೋ. ಯುಗಾದಿಗೆ ನಾವು ಅದೇ ಡಬ್ಬಕ್ಕೆ ಹೋಳಿಗೆ ತುಂಬಿ ಕಳಿಸುತ್ತೇವೆ. ಈ ಸಲ ಡಿಸೆಂಬರಿನಲ್ಲಿ ಟೀಚರ್ ಬಚ್ಚಲಲ್ಲಿ ಜಾರಿಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡರು. ಅದೇ ಹೊತ್ತಿಗೆ ಅವರ ಮಗಳು ರಂಜಿನಿಯನ್ನು ನೋಡಲು ಹರಿಹರದಿಂದ ಗಂಡಿನ ಕಡೆಯವರು ಕ್ರಿಸ್‌ಮಸ್ ಮಾರನೇ ದಿನ ಬರುವುದೆಂದು ಗೊತ್ತಾಯಿತು. ರಂಜಿನಿ ಆಸ್ಪತ್ರೆಯಲ್ಲಿ ನರ್ಸು. ಹಿಂದೆ ಬಂದ ಸಂಬಂಧಗಳು ಒಂದಲ್ಲ ಒಂದು ಕಾರಣಕ್ಕೆ ತಪ್ಪಿಹೋಗಿದ್ದವು. ಈ ಹುಡುಗನ ಫೋಟೋ ನೋಡಿ ಮಾತ್ರ ಅವಳೇ ಬಾಯಿಬಿಟ್ಟು "ಇದು ಆದ್ರೆ ಚೆನ್ನಾಗಿರುತ್ತಮ್ಮಾ" ಎಂದಿದ್ದಳಂತೆ. ಟೀಚರಿಗೆ ಅದೊಂದೇ ಪ್ರಾರ್ಥನೆಯಾಗಿತ್ತು.

ಟೀಚರ್ ಫೋನ್ ಮಾಡಿದರು. "ಯಶೂ, ನನ್ನ ಕೈ ಹಿಂಗಾಯ್ತು. ರಂಜಿನಿಗೆ ರಜ ಇಲ್ಲ. ಶಿವಮೊಗ್ಗದಲ್ಲಿ ಒಳ್ಳೆ ಬೇಕರಿ ನೋಡಿ ಏನಾದ್ರೂ ತಂದ್ಬಿಡಮ್ಮ, ಬಂದೋರ ಮುಂದೆ ಇಡೋಕೆ."

ನಾನು ಫೋನ್ ಕಸಿದುಕೊಂಡೆ! "ಬೇಕರೀದಾ? ಟೀಚರ್, ನಮ್ಮ ಹುಡುಗೀನ ನೋಡೋಕೆ ಬಂದೋರಿಗೆ ಬೇಕರಿ ತಿಂಡಿ ಕೊಡೋದಾ? ನಾನು ಬದುಕಿಲ್ವಾ? ಮನೇಲೇ ಚಾಕೊಲೇಟ್ ಕುಕ್ಕೀಸ್ ಮಾಡ್ಕೊಂಡು ಬರ್ತೀನಿ!"

ಆ ಕಡೆಯಿಂದ ಬಹಳ ಹೊತ್ತು ಮಾತೇ ಬರಲಿಲ್ಲ. ಟೀಚರ್ ಗದ್ಗದಿತರಾದರು ಎಂದು ನಾನು ತಿಳಿದೆ. ಅದು ಹೆದರಿಕೆ ಎಂದು ಈಗ ಗೊತ್ತಾಗಿದೆ.

"ರೀ, ನೀವು ಅಡುಗೆ ಮನೆಗೆ ಹೋಗಿದ್ದು ಯಾವಾಗ?" ಎಂದಳು ಯಶೋಧರಾ.

"ನಿನ್ನೆ ಹೋಗಿದ್ನಲ್ಲ!"

"ನೀರು ಕುಡಿಯೋಕೆ."

ಈ ಸಣ್ಣ ಮಾತಿಗೆಲ್ಲ ಹಿಂಜರಿಯುವ ಪೈಕಿ ಅಲ್ಲ ಈ ಹಾಲಸ್ವಾಮಿ. ಮೊಬೈಲಿನಲ್ಲಿ ವಿಡಿಯೋ ಹುಡುಕಿದೆ. 'ಸುಲಭವಾದ ಚಾಕೊಲೇಟ್ ಕುಕ್ಕೀಸ್, ಓವನ್ ಬೇಡ, ಮೊಟ್ಟೆ ಬೇಡ, ಮಕ್ಕಳೂ ಮಾಡಬಹುದು!' ಮಕ್ಕಳೇ ಮಾಡಬಹುದಾದರೆ, ಇಡೀ ವಿಮಾ ಕಚೇರಿಯ ಕಡತಗಳನ್ನು ಕೈಬೆರಳಲ್ಲಿ ಆಡಿಸುವ ನನಗೆ ಇದು ಯಾವ ಲೆಕ್ಕ? ವಿಡಿಯೋದ ಹುಡುಗಿ ಬೆಣ್ಣೆ, ಸಕ್ಕರೆ, ಮೈದಾ, ಕೋಕೋ ಎಲ್ಲ ಕಲಸಿ, ಉಂಡೆ ಕಟ್ಟಿ, ತಟ್ಟಿ, ಕುಕ್ಕರಿನಲ್ಲಿ ಉಪ್ಪು ಹರಡಿ ಅದರ ಮೇಲೆ ತಟ್ಟೆ ಇಟ್ಟಳು. "ಈಗ ಎಲ್ಲರೂ ತಪ್ಪು ಮಾಡೋ ಮುಖ್ಯವಾದ ವಿಷಯ..." ಎನ್ನುವಷ್ಟರಲ್ಲಿ ನೋವಿನ ಮುಲಾಮಿನ ಜಾಹೀರಾತು ಬಂತು. ನನಗೆ ಜಾಹೀರಾತು ಕಂಡರಾಗದು. ಬೆರಳಿನಿಂದ ಜೋರಾಗಿ ಮುಂದಕ್ಕೆ ಉಜ್ಜಿದೆ. ಜಾಹೀರಾತೂ ಹೋಯಿತು, ಮುಖ್ಯವಾದ ವಿಷಯವೂ ಹೋಯಿತು. ನೋಡಿದರೆ ಆ ಹುಡುಗಿ ಆಗಲೇ ಕುಕ್ಕಿ ತಿನ್ನುತ್ತಾ ಕಣ್ಣು ಮುಚ್ಚಿಕೊಂಡಿದ್ದಳು.

ಕ್ರಿಸ್‌ಮಸ್ ದಿನ ರಜ. ಬೆಳಗ್ಗೆಯೇ ಸೊಂಟಕ್ಕೆ ಟವೆಲ್ ಬಿಗಿದೆ. "ನಾನು ಇದನ್ನೆಲ್ಲ ಕಣ್ಣಲ್ಲಿ ನೋಡಲ್ಲ" ಎಂದು ಯಶೋಧರಾ ಕೋಟೆ ದೇವಸ್ಥಾನಕ್ಕೆ ಹೊರಟುಹೋದಳು. ಮನೆಯಲ್ಲಿ ಉಳಿದವರು ನಾನು, ಮಗಳು ಸಿರಿ, ಮತ್ತು ಕಣ್ಣಿನ ಪರೀಕ್ಷೆಗೆಂದು ಗಾಜನೂರು ಕಡೆಯಿಂದ ಬಂದು ನಮ್ಮಲ್ಲಿ ಉಳಿದುಕೊಂಡಿದ್ದ ಮಾವ ಭೈರಪ್ಪನವರು. ಮಾವ ಜೀವನವಿಡೀ ಅಡಿಕೆ ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿದವರು. ಅವರ ದೃಷ್ಟಿಯಲ್ಲಿ ಜಗತ್ತಿನಲ್ಲಿರುವುದು ಎರಡೇ ವಸ್ತು: ಅಡಿಕೆ, ಮತ್ತು ಅಡಿಕೆಯಂತೆ ನೋಡಿಕೊಳ್ಳಬೇಕಾದ ಉಳಿದದ್ದೆಲ್ಲ.

ಕಲಸಿದೆ, ತಟ್ಟಿದೆ, ಕುಕ್ಕರಿಗೆ ಇಟ್ಟೆ. ಮನೆಯೆಲ್ಲ ಘಮಘಮ! ಪಕ್ಕದ ಮನೆಯ ಚಿನ್ನಮ್ಮ ಕಿಟಕಿಯಿಂದ ಇಣುಕಿ "ಏನ್ರೀ ಅದು ವಾಸನೆ?" ಎಂದು ಕೇಳಿದಾಗ ನನ್ನ ಎದೆ ಒಂದು ಗೇಣು ಉಬ್ಬಿತು. ವಿಡಿಯೋದಲ್ಲಿ ಹೇಳಿದಷ್ಟು ಹೊತ್ತಿಗೆ ಮುಚ್ಚಳ ತೆಗೆದು ಬೆರಳಲ್ಲಿ ಒತ್ತಿದೆ. ಬೆರಳು ಒಳಗೆ ಹೋಯಿತು.

ಮಾವ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಅಳಿಯಂದ್ರೇ, ಇದು ಹಸಿ."

"ಹಸೀನಾ ಮಾವ?"

"ಪೂರ್ತಿ ಹಸಿ. ಒಣಗೋ ವಸ್ತು ಒಣಗ್ತು ಅಂತ ತಿಳಿಯೋದು ಹೆಂಗೆ? ಕೈಯಲ್ಲಿ ತಗೊಂಡು ಅಲ್ಲಾಡಿಸಿದ್ರೆ ಕಟಕಟ ಅನ್ಬೇಕು. ಕಟಕಟ ಅನ್ನೋವರ್ಗೂ ತೆಗೀಬಾರ್ದು."

"ಅಪ್ಪಾ, ವಿಡಿಯೋದಲ್ಲೂ ಮೆತ್ತಗೇ ಇತ್ತಲ್ಲ?" ಎಂದಳು ಸಿರಿ.

"ಅದು ಬೆಂಗಳೂರಿನ ಕುಕ್ಕಿ ಪುಟ್ಟಾ. ನಮ್ದು ಶಿವಮೊಗ್ಗದ್ದು!"

ಮತ್ತೆ ಮುಚ್ಚಿದೆವು. ಮತ್ತೆ ತೆಗೆದು ಒತ್ತಿದೆವು. ಮತ್ತೆ ಮುಚ್ಚಿದೆವು. ಕೊನೆಗೆ ಮಾವ ಒಂದು ಮುಷ್ಟಿ ಕುಕ್ಕೀಸ್ ಕೈಗೆ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿ, "ಒಂಚೂರು ಕಮ್ಮಿ. ನಾಳೆ ಎಳೆಬಿಸಿಲಲ್ಲಿ ಒಂದ್ ಗಳಿಗೆ ಹಾಕಿದ್ರೆ ಏ ಒನ್ ಮಾಲು" ಎಂದು ತೀರ್ಪು ಕೊಟ್ಟರು. ನಾನು ಅವರ ಅನುಭವಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಈಗ ನೀವು ಕೇಳುತ್ತೀರಿ, ಒಂದನ್ನು ತಿಂದು ನೋಡಬಾರದಿತ್ತೇ ಮಾರಾಯಾ ಎಂದು. ಸಿರಿ ತಿನ್ನಲು ಕೈ ಚಾಚಿದಳು, ನಿಜ. ನಾನೇ ಅವಳ ಕೈಗೆ ಒಂದು ಪೆಟ್ಟು ಕೊಟ್ಟೆ. ಮಾವ ಕೂಡ "ಬೇಡ ಪುಟ್ಟಿ, ಹಬ್ಬದ ತಿಂಡಿ, ಅದರ ಮೇಲೆ ಹೆಣ್ಣು ನೋಡೋ ಶುಭಕಾರ್ಯ. ಮೊದ್ಲೇ ಬಾಯಿಗಿಟ್ರೆ ಎಂಜಲಾಗುತ್ತೆ" ಎಂದರು. ನಮ್ಮ ಮನೆಗಳಲ್ಲಿ ಹಬ್ಬದ ಅಡುಗೆಯ ಉಪ್ಪನ್ನು ಕೂಡ ಮೂಗಿನಿಂದಲೇ ನೋಡುವುದು ರೂಢಿ. ಹಬ್ಬ ಯಾವ ದೇವರದ್ದಾದರೇನು, ಎಂಜಲು ಎಂಜಲೇ ತಾನೆ? ಯಶೋಧರಾ ಬಂದವಳು "ರುಚಿ ನೋಡಿದ್ರಾ?" ಎಂದಾಗಲೂ ನಾನು "ಎಂಜಲು ಮಾಡೋದಾ?" ಎಂದೆ. ಅವಳು ತಟ್ಟೆಗೆ ಬಟ್ಟೆ ಮುಚ್ಚಿ ಹೋದಳು. ಆ ಒಂದು ವಿಷಯದಲ್ಲಿ ಅವಳೂ ಅಪ್ಪನ ಮಗಳೇ.

ಮಾರನೇ ಬೆಳಗ್ಗೆ ತಾರಸಿಯಲ್ಲಿ ಪೇಪರ್ ಹಾಸಿ ಬಿಸಿಲಿಗೆ ಹರಡಿದೆ. ಒಂದು ಕಾಗೆ ಬಂತು. ಒಂದು ಕುಕ್ಕಿಯನ್ನು ಕುಕ್ಕಿತು. ಕೊಕ್ಕನ್ನು ಗೋಡೆಗೆ ಉಜ್ಜಿತು. ನನ್ನ ಮುಖವನ್ನು ಒಮ್ಮೆ ನೋಡಿ ಹಾರಿಹೋಯಿತು. ಕಳ್ಳ ಕಾಗೆಯನ್ನು ಓಡಿಸಿದೆನೆಂದು ನಾನು ಬೀಗಿದೆ!

"ದಾರೀಲಿ ಬೇಕರಿಯಿಂದಾನೂ ಸ್ವಲ್ಪ ಏನಾದ್ರೂ ತಗೊಳ್ಳೋಣ ಕಣ್ರೀ" ಎಂದಳು ಯಶೋಧರಾ ಬಸ್ ಸ್ಟ್ಯಾಂಡಿನಲ್ಲಿ.

"ಅಂದ್ರೆ ನನ್ನ ಮೇಲೆ ನಿನಗೆ ನಂಬಿಕೆ ಇಲ್ಲ!"

ಅವಳು ಬಸ್ ಹತ್ತಿದಳು. ಸಿರಿ, ಮಾವ ಮನೆಯಲ್ಲೇ ಉಳಿದಿದ್ದರು. ಭದ್ರಾವತಿ ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ರಸ್ತೆಯ ಪ್ರತಿ ಹೊಂಡಕ್ಕೂ ಒಳಗಿನಿಂದ ಗಡಗಡ ಎಂದು ಸದ್ದು. ಕಂಡಕ್ಟರ್ ಟಿಕೆಟ್ ಹರಿಯುತ್ತಾ, "ಸ್ಪೇರ್ ಪಾರ್ಟ್ಸಾ ಸಾರ್? ಫ್ಯಾಕ್ಟರಿಗಾ?" ಎಂದು ಕೇಳಿದ. ಯಶೋಧರಾ ಕಿಟಕಿಯ ಹೊರಗೆ ನೋಡತೊಡಗಿದಳು.

ಟೀಚರ್ ಮನೆಯ ಮುಂದೆ ದೊಡ್ಡ ಕಾಗದದ ನಕ್ಷತ್ರ ತೂಗುತ್ತಿತ್ತು. ಹಾಲ್‌ನ ಮೂಲೆಯಲ್ಲಿ ಹುಲ್ಲಿನ ಗೋದಲಿ, ಅದರಲ್ಲಿ ಬಾಲಯೇಸು, ಸುತ್ತ ಮಣ್ಣಿನ ಕುರಿಗಳು. ಟೀಚರ್ ಪ್ಲಾಸ್ಟರ್ ಕೈಯನ್ನು ಸೀರೆ ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡುತ್ತಿದ್ದರು. ಡಬ್ಬ ಕೈಗೆ ಕೊಟ್ಟಾಗ ಅದರ ಭಾರಕ್ಕೆ ಅವರ ಎಡಗೈ ಒಮ್ಮೆ ಕೆಳಗೆ ಹೋಗಿ ಬಂತು. "ದೇವ್ರು ಒಳ್ಳೇದು ಮಾಡ್ಲಿ ಹಾಲಸ್ವಾಮಿ" ಎಂದರು. ಅಷ್ಟರಲ್ಲಿ ಹರಿಹರದವರು ಬಂದರು. ಹುಡುಗ, ಅವನ ತಂದೆ, ತಾಯಿ ಆರೋಗ್ಯಮ್ಮ, ಮತ್ತು ಎಲೆಯಡಿಕೆ ಚೀಲ ಹಿಡಿದ ತಾತ. ತಾತ ಹಾಲಿನ ನಟ್ಟನಡುವಿನ ಕುರ್ಚಿಯಲ್ಲಿ ಕೂತರು. ಆ ಕೂತ ರೀತಿ ನೋಡಿದರೆ ಮುಂದಿನ ಕ್ರಿಸ್‌ಮಸ್‌ವರೆಗೆ ಏಳುವ ಹಾಗೆ ಕಾಣಲಿಲ್ಲ.

ರಂಜಿನಿ ರೇಷ್ಮೆ ಸೀರೆಯುಟ್ಟು ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ನನ್ನ ಕುಕ್ಕೀಸ್! ಕಂದು ಬಣ್ಣ, ದುಂಡನೆಯ ಆಕಾರ, ಮೇಲೆ ಹೊಳಪು. ಆ ಕ್ಷಣ ನನ್ನೊಳಗೆ ಔದಾರ್ಯ ಉಕ್ಕಿಬಿಟ್ಟಿತು. ಇಷ್ಟು ದೊಡ್ಡ ಕೀರ್ತಿ ನನಗೇಕೆ? ಪಾಪ, ಹುಡುಗಿಗೆ ಉಪಯೋಗವಾಗಲಿ! ಯಾರೂ ಕೇಳದಿದ್ದರೂ ಗಂಟಲು ಸರಿಮಾಡಿಕೊಂಡು ಘೋಷಿಸಿದೆ: "ಇದೆಲ್ಲ ನಮ್ಮ ರಂಜಿನಿ ಕೈಯಾರೆ ಮಾಡಿದ್ದು! ಡ್ಯೂಟಿ ಮುಗಿಸ್ಕೊಂಡು ಬಂದು, ಒಬ್ಬಳೇ ಕೂತು ಮಾಡಿದ್ದಾಳೆ!"

ಯಶೋಧರಾ ನನ್ನ ಮೊಣಕೈ ಹಿಂಡಿದಳು. ರಂಜಿನಿ ಕಣ್ಣರಳಿಸಿ ನನ್ನನ್ನು ನೋಡಿ, ತಟ್ಟೆ ಟೀಪಾಯಿಯ ಮೇಲಿಟ್ಟು ಹೋಗಿ ಅಮ್ಮನ ಪಕ್ಕ ಕೂತಳು. ಆಡಿದ್ದು ಆಡಿಯಾಗಿತ್ತು. ಹೆಣ್ಣು ನೋಡುವ ದಿನ ತಟ್ಟೆಯಲ್ಲಿರುವುದು ಹುಡುಗಿಯ ಕೈಯದು ಎಂದ ಮೇಲೆ, ಆ ತಟ್ಟೆಯೇ ಹುಡುಗಿ.

ಮೊದಲು ಹುಡುಗನ ತಂದೆ ಕಚ್ಚಿದರು. ಸದ್ದೇನೂ ಬರಲಿಲ್ಲ. ಕುಕ್ಕಿಯನ್ನು ಹೊರಗೆ ತೆಗೆದು ಒಮ್ಮೆ ನೋಡಿ, ಇನ್ನೊಂದು ದವಡೆಗೆ ಇಟ್ಟು ಕಚ್ಚಿದರು. ಈ ಸಲ ಸದ್ದು ಬಂತು. ಅದು ಕುಕ್ಕಿಯದಲ್ಲ. ಆರೋಗ್ಯಮ್ಮ ತಮ್ಮದನ್ನು ಟೀಯಲ್ಲಿ ಅದ್ದಿ ಹಿಡಿದರು. ಹಿಡಿದೇ ಇದ್ದರು. ಟೀ ಆರಿ ಕೆನೆಗಟ್ಟಿತು, ಕುಕ್ಕಿ ಹೇಗೆ ಹೋಗಿತ್ತೋ ಹಾಗೇ ಎದ್ದುಬಂತು. ಹುಡುಗ ಮರ್ಯಾದಸ್ಥ. ಇಡಿಯಾಗಿ ಬಾಯಿಗೆ ಹಾಕಿಕೊಂಡ. ಆಮೇಲೆ ಟೀಚರ್ ಏನು ಕೇಳಿದರೂ ಒಂದು ಕೆನ್ನೆ ಉಬ್ಬಿಸಿಕೊಂಡು ಬರೀ ತಲೆಯಾಡಿಸಿದ.

ತಾತ ಮಾತ್ರ ಗಲಿಬಿಲಿಯಾಗಲಿಲ್ಲ. ಚೀಲದಿಂದ ಅಡಕತ್ತರಿ ತೆಗೆದರು. ಕುಕ್ಕಿಯನ್ನು ಅದರ ಬಾಯಿಗೆ ಕೊಟ್ಟು ಒತ್ತಿದರು. ಠಪ್ ಎಂದು ಅರ್ಧ ಹೋಳು ಹಾರಿ ಗೋದಲಿಯ ಕುರಿಗಳ ನಡುವೆ ಬಿತ್ತು. ಉಳಿದ ಅರ್ಧವನ್ನು ಸಣ್ಣಗೆ ಕತ್ತರಿಸಿ, ವೀಳ್ಯದೆಲೆಗೆ ಸುಣ್ಣ ಸವರಿ, ಮಡಿಚಿ, ದವಡೆಗೆ ಇಟ್ಟುಕೊಂಡರು. ಸ್ವಲ್ಪ ಹೊತ್ತು ಅಗಿದು, "ಅಡಿಕೆ ಪರವಾಗಿಲ್ಲ. ಸ್ವಲ್ಪ ಸಿಹಿ ಜಾಸ್ತಿ" ಎಂದರು.

ಯಾರೂ ನಗಲಿಲ್ಲ. ಆರೋಗ್ಯಮ್ಮ ಮೆಲ್ಲಗೆ ಕೇಳಿದರು: "ರಂಜಿನಿ, ಇದು ನೀನೇ ಮಾಡಿದ್ದೇನಮ್ಮ?"

ರಂಜಿನಿ ನನ್ನ ಕಡೆ ನೋಡಿದಳು. ಹೌದು ಎಂದರೆ ಅವಳ ಕಥೆ ಮುಗಿಯಿತು. ಇಲ್ಲ ಎಂದರೆ ಬಂದವರೆದುರಿಗೆ ನಾನು ಸುಳ್ಳುಗಾರ. ಆ ಹುಡುಗಿ ನನ್ನ ಮಾನ ಕಳೆಯಬಾರದೆಂದು ತುಟಿ ಬಿಗಿಹಿಡಿದು ಕೂತಿದ್ದಳು. ಟೀಚರ್ ಪ್ಲಾಸ್ಟರಿನ ಕೈಯನ್ನು ಎದೆಗೊತ್ತಿಕೊಂಡಿದ್ದರು. ನನಗೆ ನಾಚಿಕೆಯಾಯಿತು. ಸುಮ್ಮನೆ ನಾಚಿಕೆಯಲ್ಲ, ಹಾಕಿಕೊಂಡ ಅಂಗಿ ಕೂಡ ನನ್ನದಲ್ಲ ಎನ್ನಿಸುವಂಥ ನಾಚಿಕೆ. ನನ್ನ ಒಣ ಜಂಬಕ್ಕೆ ಈ ಮಗುವಿನ ಸಂಬಂಧ ತಪ್ಪಬೇಕೇ?

ಎದ್ದು ನಿಂತೆ. "ಅಲ್ಲ! ಅದನ್ನ ಮಾಡಿದ್ದು ನಾನು! ಆಗ ಹೇಳಿದ್ದು ಸುಳ್ಳು. ತಪ್ಪಾಯ್ತು."

ಇನ್ನೇನು, ಬೈಗುಳ ಬರುತ್ತದೆ ಎಂದು ತಲೆ ತಗ್ಗಿಸಿದೆ. ಬರಲಿಲ್ಲ. ಹುಡುಗನ ತಂದೆ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಸಾರ್, ನೀವು ದೊಡ್ಡ ಮನುಷ್ಯರು. ಹುಡುಗಿ ಮಾನ ಉಳ್ಸೋಕೆ ತಪ್ಪನ್ನ ಮೈಮೇಲೆ ಹಾಕ್ಕೊಳ್ತಿದ್ದೀರಿ."

"ಅಯ್ಯೋ, ಇಲ್ಲ ಸಾರ್, ನಿಜವಾಗ್ಲೂ ನಾನೇ!"

"ಈ ಕಾಲದಲ್ಲಿ ಇಂಥೋರು ಎಲ್ಲಿ ಸಿಗ್ತಾರಪ್ಪ" ಎಂದರು ತಾತ.

ಹುಟ್ಟಿದಾಗಿನಿಂದ ನನ್ನನ್ನು ಯಾರೂ ದೊಡ್ಡ ಮನುಷ್ಯ ಎಂದಿರಲಿಲ್ಲ. ಅಂದ ದಿನವೇ ಅಲ್ಲ ಎಂದು ಸಾಧಿಸಬೇಕಾದ ಕರ್ಮ ನೋಡಿ! "ಯಶೂ, ನೀನಾದ್ರೂ ಹೇಳೇ!" ಎಂದು ಗೋಗರೆದೆ.

"ಹೌದು, ಇವ್ರೇ ಮಾಡಿದ್ದು. ಸೊಂಟಕ್ಕೆ ಟವೆಲ್ ಕಟ್ಕೊಂಡು ಮಾಡಿದ್ದು" ಎಂದಳು ಅವಳು.

"ಗಂಡ ಹೇಳಿದ್ದಕ್ಕೆ ಎದುರು ಮಾತೇ ಆಡಲ್ಲ ನೋಡು, ಎಂಥಾ ಹೆಣ್ಣುಮಗಳು!" ಎಂದರು ಹುಡುಗನ ತಂದೆ. ಮದುವೆಯಾದಾಗಿನಿಂದ ಯಶೋಧರಾ ಬಗ್ಗೆ ಯಾರೂ ಆಡದ ಮಾತು ಅದು. ಅವಳೇ ತಬ್ಬಿಬ್ಬಾದಳು.

ಆಗ ಆರೋಗ್ಯಮ್ಮ ಲೋಟ ಕೆಳಗಿಟ್ಟು, "ಹಂಗಾದ್ರೆ ಒಂದು ಕೆಲ್ಸ ಮಾಡಿ. ಈಗ ಇಲ್ಲೇ ಮಾಡಿ ತೋರ್ಸಿ. ಟೀಚರ್ ಮನೇಲಿ ಮೈದಾ, ಕೋಕೋ ಇರಲ್ವಾ?" ಎಂದರು.

ಇತ್ತು. ಕೇಕು ಮಾಡುವ ಮನೆ, ದೊಡ್ಡ ಓವನ್ನೂ ಇತ್ತು. ನಾನು ಅಡುಗೆ ಮನೆಗೆ ನಡೆದೆ. ಗಂಡಸೊಬ್ಬ ಮೈದಾ ಕಲಸುವುದನ್ನು ನೋಡಲು ಹುಡುಗನ ತಂದೆ ಹಿಂದೆಯೇ ಬಂದರು. ತಾತ ಕುರ್ಚಿಯನ್ನೇ ಎಳೆದುಕೊಂಡು ಬಂದು ಬಾಗಿಲಲ್ಲಿ ಕೂತರು. ಟೀಚರ್ ಬಂದರು, ಯಶೋಧರಾ ಬಂದಳು. ವಿಷಯ ತಿಳಿದು ಆಚೆ ಮನೆಯ ಷಡಕ್ಷರಪ್ಪನವರು ಹಿತ್ತಲ ಬಾಗಿಲಿನಿಂದಲೇ ಬಂದರು! ಇಷ್ಟೂ ಜನರ ಮುಂದೆ ನಾನು ಬೆವರುತ್ತಾ ಕಲಸಿದೆ, ತಟ್ಟಿದೆ, ಓವನ್ನಿಗೆ ಇಟ್ಟೆ.

ಸ್ವಲ್ಪ ಹೊತ್ತಿಗೆ ಬೆರಳಲ್ಲಿ ಒತ್ತಿ ನೋಡಿದೆ. ಮೆತ್ತಗಿತ್ತು. ನನ್ನ ಹಿಂದೆಯೇ ನಿಂತಿದ್ದ ಆರೋಗ್ಯಮ್ಮ ಮೆಲ್ಲಗೆ ಹೇಳಿದರು: "ಈಗ ತೆಗೀರಿ. ಕುಕ್ಕೀನ ಮೆತ್ತಗಿರುವಾಗ್ಲೇ ತೆಗೀಬೇಕು. ಆರಿದ ಮೇಲೆ ತಾನೇ ಗರಿಗರಿಯಾಗುತ್ತೆ."

ನಾನು ಜಾಹೀರಾತಿನ ಜೊತೆ ಹಾರಿಸಿದ್ದ ಮುಖ್ಯವಾದ ವಿಷಯ ಇದೇ! ಎಂಥಾ ಪರಿಮಳ ಬರುತ್ತಿತ್ತು ಗೊತ್ತಾ? ಈಗ ತೆಗೆದರೆ ನನ್ನ ಜನ್ಮದ ಮೊದಲ ಒಳ್ಳೆಯ ಅಡುಗೆ. ಹರಿಹರದಿಂದ ಭದ್ರಾವತಿವರೆಗೆ ನನ್ನ ಮಾನ ವಾಪಸ್. ಆದರೆ ಇವು ಚೆನ್ನಾಗಿ ಬಂದರೆ, ಆ ಕಲ್ಲುಗಳು ಯಾರ ಕೈಯದು ಎಂದಾಯಿತು? ರಂಜಿನಿಯ ಕೈಯದೇ! ಬಿಸಿ ತಟ್ಟೆ ಹಿಡಿಯುವ ಬಟ್ಟೆಯ ಕಡೆ ಹೋಗಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

"ಇಲ್ಲಮ್ಮ, ಇನ್ನೂ ಹಸಿ ಇದೆ" ಎಂದೆ. "ಕಟಕಟ ಅನ್ಬೇಕು."

ಓವನ್ ಮುಚ್ಚಿದೆ. ಕಾದೆವು. ಪರಿಮಳ ಹೋಗಿ ಸೀದ ವಾಸನೆ ಬಂತು. ಟೀಚರ್ ಕಿಟಕಿ ತೆರೆದರು. ಕೊನೆಗೆ ಹೊರಗೆ ತೆಗೆದು, ಆರಿಸಿ, ತಟ್ಟೆಗೆ ಸುರಿದೆ. ಠಣ್ ಠಣ್ ಠಣ್! ತಾತ ಒಂದನ್ನು ಅಡಕತ್ತರಿಗೆ ಕೊಟ್ಟು ಒತ್ತಿ, ಹೋಳನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ ಎಲ್ಲರಿಗೂ ತೋರಿಸಿದರು. "ಅದೇ ತಳಿ!"

ಅಡುಗೆ ಮನೆ ತುಂಬ ನಗು. ಹುಡುಗನ ತಂದೆ ದವಡೆ ಹಿಡಿದುಕೊಂಡೇ ನಕ್ಕರು. "ಒಪ್ಪಿದ್ವಿ ಸಾರ್, ಒಪ್ಪಿದ್ವಿ! ಇದು ನಿಮ್ದೇ ಕೈ, ಬೇರೆ ಯಾರಿಗೂ ಬರಲ್ಲ!" ಷಡಕ್ಷರಪ್ಪನವರು ನಾಲ್ಕು ಕುಕ್ಕೀಸ್ ಕೇಳಿ ತೆಗೆದುಕೊಂಡು ಹೋದರು. ಮಂಚದ ಒಂದು ಕಾಲು ಗಿಡ್ಡವಂತೆ.

ಹಾಲಿಗೆ ಬಂದು ನೋಡಿದರೆ ಹುಡುಗ, ರಂಜಿನಿ ಎದುರುಬದುರು ಕೂತು ಮಾತಾಡುತ್ತಿದ್ದವರು ತಟ್ಟನೆ ಸುಮ್ಮನಾದರು. ಹುಡುಗನ ಕೆನ್ನೆ ಈಗ ಇಳಿದಿತ್ತು. ಸಂಜೆಯೊಳಗೆ ಎಲ್ಲ ಮಾತಾಯಿತು. ಜನವರಿಯಲ್ಲಿ ನಿಶ್ಚಿತಾರ್ಥ. ಟೀಚರ್ ಎಡಗೈಯಲ್ಲೇ ಶಿಲುಬೆಯ ಗುರುತು ಮಾಡಿಕೊಂಡು ಕಣ್ಣೊರೆಸಿಕೊಂಡರು.

ಹರಿಹರದವರು ಕಾರು ಹತ್ತುವ ಹೊತ್ತು. ಎಲ್ಲರೂ ನನ್ನನ್ನು ನೋಡಿ ನಗುತ್ತಿದ್ದರು. ನಾಚಿಕೆ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅದರ ಅಡಿಯಲ್ಲಿ ಒಂದು ಚೂರು ಹೆಮ್ಮೆ ಮಿಸುಕಾಡುತ್ತಿತ್ತು. ನಾನು ಮಾಡಿದ ತ್ಯಾಗ ಒಬ್ಬರಿಗಾದರೂ ಗೊತ್ತಾಗಬೇಡವೇ? ಗೇಟಿನ ಬಳಿ ಆರೋಗ್ಯಮ್ಮನವರ ಹತ್ತಿರ ಹೋಗಿ ದನಿ ತಗ್ಗಿಸಿ ಹೇಳಿದೆ: "ಅಮ್ಮಾ, ನಿಮಗೊಬ್ಬರಿಗೆ ಹೇಳ್ತೀನಿ. ಎರಡನೇ ಸಲ ನಾನು ಬೇಕಂತಲೇ ಕೆಡಿಸಿದ್ದು."

"ಗೊತ್ತು. ಮೊದಲ್ನೇದು ನಿಮ್ಮ ಕೈಯದೇ ಅಂತಾನೂ ಗೊತ್ತಿತ್ತು" ಎಂದರು ಅವರು.

ನಾನು ಬಾಯಿ ಬಿಟ್ಟೆ. "ಮತ್ತೆ ಯಾಕಮ್ಮ ಅಷ್ಟು ಜನರ ಮುಂದೆ ನನ್ನ ಕೈಲಿ..."

"ನಮ್ಮ ಮಾವ ಹಾಲ್‌ನಲ್ಲಿ ಕೂತ್ರೆ ಏಳೋರಲ್ಲ. ಹುಡುಗ ಹುಡುಗಿ ಎರಡು ಮಾತಾಡೋದು ಹೆಂಗೆ? ನೀವು ಒಳಗೆ ಹೋದ್ರಿ ನೋಡಿ, ಎಲ್ಲ ಎದ್ದು ಹಿಂದೇನೇ ಬಂದ್ರು."

ಅಂದರೆ ನನ್ನ ಮಹಾತ್ಯಾಗ ಹಾಲ್ ಖಾಲಿ ಮಾಡಿಸಲು ಕಟ್ಟಿದ ಬಯಲಾಟ! ಆದರೂ ನನ್ನ ಕೆಟ್ಟ ಕುತೂಹಲ ಬಿಡಬೇಕಲ್ಲ? "ಅದು ನನ್ನ ಕೈಯದು ಅಂತ ಹೇಗೆ ಗೊತ್ತಾಯ್ತಮ್ಮ ನಿಮಗೆ?" ಎಂದು ಕೇಳಿಯೇಬಿಟ್ಟೆ.

ಆರೋಗ್ಯಮ್ಮ ಕಾರಿನೊಳಗೆ ಕೂತು, ಸೆರಗು ಒಳಗೆಳೆದುಕೊಂಡು, ಬಾಗಿಲು ಹಾಕುವ ಮೊದಲು ಹೇಳಿದರು:

"ನಾವು ಕಚ್ಚೋವಾಗ ರಂಜಿನಿ ನನ್ನ ಮಗನ ಮುಖ ನೋಡ್ತಿದ್ಲು. ನೀವು ನಮ್ಮೆಲ್ಲರ ಬಾಯಿ ನೋಡ್ತಿದ್ರಿ."